ಮೇಲೇರುವ ಮೊದಲು ಕೆಳಗಿಳಿದು: ಇಂಕಾ ಊರುಗಳಲ್ಲಿ ಏಳು ದಿನ

ಹೊರಡುವ ಮುನ್ನ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಸ್ಪೇನಿನವರು ಬರುವ ಮೊದಲು ಆಳುತ್ತಿದ್ದ ಇಂಕಾಗಳು ಬೆಟ್ಟದ ಮೇಲೆ ಕಟ್ಟಿದ ಮಾಚು ಪಿಚು ನೋಡಬೇಕೆಂಬುದು ನನ್ನ ಬಹುಕಾಲದ ಆಸೆಯೇನೂ ಆಗಿರಲಿಲ್ಲ. ಹೊಸಪೇಟೆಯ ಸುತ್ತಮುತ್ತ ಕಾಲುವೆ, ತೂಬು, ಒಡ್ಡುಗಳ ಕೆಲಸದಲ್ಲೇ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದು ನಿವೃತ್ತನಾದ ನನಗೆ, ಆ ಬೆಟ್ಟದ ಊರಿನ ನೀರಿನ ವ್ಯವಸ್ಥೆಯನ್ನು ಅಮೆರಿಕದ ಎಂಜಿನಿಯರ್ ಕೆನ್ನೆತ್ ರೈಟ್ ಮತ್ತು ಪೆರುವಿನ ಪುರಾತತ್ತ್ವಜ್ಞ ಆಲ್ಫ್ರೆಡೊ ವಲೆನ್ಸಿಯಾ 1990ರ ದಶಕದಲ್ಲಿ ಅಳೆದು ನೋಡಿದರೆಂಬ ವಿವರ ಓದಲು ಸಿಕ್ಕಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಬೆಟ್ಟದ ಒಂದು ಒರತೆಯಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆ ತೆಗೆದು, ನೀರು ಹಿಡಿಯುವ ಹದಿನಾರು ಕಟ್ಟೆಗಳಿಗೆ ಒಂದರ ಕೆಳಗೊಂದರಂತೆ ನೀರು ಇಳಿಸಿದವರು ಕಬ್ಬಿಣವನ್ನೇ ಕಾಣದ ಜನ ಎಂಬುದನ್ನು ಓದಿದಾಗ, ಇದನ್ನು ಕಣ್ಣಾರೆ ನೋಡಿಯೇ ತೀರಬೇಕೆನಿಸಿತು. ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಅಲ್ಲಿಂದಲೇ ಪೆರುವಿಗೆ ಹೋಗಿಬರುವುದೆಂದು ನಾನೂ ನನ್ನ ಪತ್ನಿಯೂ ನಿಶ್ಚಯಿಸಿದೆವು.

ವೀಸಾದ ವಿಷಯದಲ್ಲಿ ನಮ್ಮ ಅದೃಷ್ಟ ಚೆನ್ನಾಗಿತ್ತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರು ವೀಸಾ ಕೇಳುತ್ತದೆಯಾದರೂ, ಅಮೆರಿಕದ ವೀಸಾ ಇದ್ದು ಅದರ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿದ್ದರೆ ಪ್ರತ್ಯೇಕ ವೀಸಾ ಬೇಕಾಗುವುದಿಲ್ಲ. ಹಳದಿ ಜ್ವರದ ಲಸಿಕೆಯ ಪ್ರಶ್ನೆ ಮಾತ್ರ ಸ್ವಲ್ಪ ತಲೆ ಕೆಡಿಸಿತು. ಪೆರು ಆ ರೋಗವಿರುವ ದೇಶಗಳ ಪಟ್ಟಿಯಲ್ಲಿರುವುದರಿಂದ, ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು. ಅರವತ್ತು ದಾಟಿದವರಿಗೆ ಆ ಲಸಿಕೆ ಕೊಡುವ ಮುನ್ನ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಹಿಂದಿರುಗಿದ ಮೇಲೆ ಹೇಗಿದ್ದರೂ ಮಗಳ ಮನೆಯಲ್ಲಿ ಮೂರು ವಾರ ಇರುವವರಾದ್ದರಿಂದ, ಕಾಡಿನ ಕಡೆಯ ತಗ್ಗು ಪ್ರದೇಶಕ್ಕೆ ಹೋಗದೆ ಎತ್ತರದ ಊರುಗಳಿಗಷ್ಟೇ ಹೋಗುವುದಾದರೆ ಲಸಿಕೆ ಬೇಡವೆಂದು ನಮ್ಮ ವೈದ್ಯರು ಹೇಳಿದರು.

ಉಳಿದದ್ದು ಕಾಲ ಮತ್ತು ಕ್ರಮ. ಅಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಮಳೆ. ಮಾಚು ಪಿಚುವಿಗೆ ಹೋಗುವ, ಇಂಕಾ ದಾರಿಯೆಂದು ಹೆಸರಾದ ನಾಲ್ಕು ದಿನಗಳ ಕಾಲ್ನಡಿಗೆಯ ಹಾದಿಯನ್ನು ಫೆಬ್ರವರಿಯಲ್ಲಿ ಪೂರ್ತಿಯಾಗಿ ಮುಚ್ಚುತ್ತಾರೆ. ಜೂನ್ 24ರ ಇಂತಿ ರಾಯ್ಮಿ, ಅಂದರೆ ಸೂರ್ಯನ ಹಬ್ಬದ ಹೊತ್ತಿಗೆ, ಇಂಕಾಗಳ ರಾಜಧಾನಿಯಾಗಿದ್ದ ಕುಸ್ಕೊ ಪಟ್ಟಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಮಳೆ ನಿಂತು ಬೆಟ್ಟಗಳಲ್ಲಿ ಹಸಿರು ಇನ್ನೂ ಉಳಿದಿರುವ ಮೇ ತಿಂಗಳನ್ನು ಆರಿಸಿಕೊಂಡೆವು. ಕಾಲ್ನಡಿಗೆಯ ಹಾದಿ ನಮಗಲ್ಲವೆಂದು ಮೊದಲೇ ಗೊತ್ತಿತ್ತು. ದಿನಕ್ಕೆ ಹೊರೆಯಾಳುಗಳೂ ಸೇರಿ ಐನೂರು ಜನರಿಗಷ್ಟೇ ಅಲ್ಲಿ ಪರವಾನಗಿ ಎಂಬುದು ಒಂದು ಕಾರಣವಾದರೆ, 4,215 ಮೀಟರ್ ಎತ್ತರದ ಕಣಿವೆದಾರಿಯನ್ನು ಹತ್ತಿಳಿಯುವುದು ನನ್ನ ಪತ್ನಿಯ ಮೊಣಕಾಲಿಗೆ ಆಗದ ಮಾತು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಕ್ರಮದ ಬಗ್ಗೆ ಒಂದು ಮಾತು ವಿವರವಾಗಿ ಹೇಳಬೇಕು. ಹೆಚ್ಚಿನವರು ವಿಮಾನದಲ್ಲಿ ಕುಸ್ಕೊಗೆ ಬಂದಿಳಿದು ಅಲ್ಲೇ ಎರಡು ದಿನ ಸುತ್ತಾಡಿ ಆಮೇಲೆ ಮಾಚು ಪಿಚುವಿಗೆ ಹೊರಡುತ್ತಾರೆ. ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ಮಾಚು ಪಿಚು ಇರುವುದು 2,430 ಮೀಟರಿನಲ್ಲಿ. ಬೆಟ್ಟದ ತುದಿಯ ಊರೆಂದು ನಾವು ಚಿತ್ರಗಳಲ್ಲಿ ನೋಡುವ ಜಾಗ ಪಟ್ಟಣಕ್ಕಿಂತ ಹತ್ತಿರ ಹತ್ತಿರ ಸಾವಿರ ಮೀಟರ್ ಕೆಳಗಿದೆ ಎಂಬುದು ನಕ್ಷೆ ಹರಡಿಕೊಂಡು ಕೂರುವವರೆಗೂ ನನಗೂ ಹೊಳೆದಿರಲಿಲ್ಲ. ಆದ್ದರಿಂದ, ಎತ್ತರದ ತೆಳುಗಾಳಿಗೆ ದೇಹ ಮೆಲ್ಲಗೆ ಹೊಂದಿಕೊಳ್ಳಲೆಂದು, ಕುಸ್ಕೊದಲ್ಲಿ ಇಳಿದ ಕೂಡಲೇ ಉರುಬಾಂಬಾ ನದಿಯ ಕಣಿವೆಗೆ ಇಳಿದು, ಅಲ್ಲಿ ಮೂರು ರಾತ್ರಿ ಕಳೆದು, ಮಾಚು ಪಿಚು ನೋಡಿ, ತಂಗುವ ಊರುಗಳಲ್ಲಿ ಎಲ್ಲಕ್ಕಿಂತ ಎತ್ತರದ ಕುಸ್ಕೊವನ್ನು ಕೊನೆಗೆ ಇಟ್ಟುಕೊಳ್ಳುವುದೆಂದು ಬರೆದುಕೊಂಡೆ.

ಟಿಕೆಟ್ಟಿನ ಕಥೆ ಬೇರೆಯೇ. 2024ರಿಂದ ಮಾಚು ಪಿಚುವಿನೊಳಗೆ ಮೂರು ಸುತ್ತುದಾರಿಗಳಿವೆ. ಯಾವ ದಾರಿ, ಯಾವ ಗಂಟೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ತೀರ್ಮಾನಿಸಬೇಕು. ದಿನಕ್ಕೆ ಸಾಮಾನ್ಯವಾಗಿ 4,500 ಜನ, ದಟ್ಟಣೆಯ ಕೆಲವು ದಿನಗಳಲ್ಲಿ 5,600 ಜನ ಎಂಬ ಮಿತಿಯಿದ್ದರೂ ಮೇಲಿನ ನೋಟವನ್ನೂ ಊರಿನ ಒಳಭಾಗವನ್ನೂ ಒಟ್ಟಿಗೆ ತೋರಿಸುವ ಎರಡನೆಯ ಸುತ್ತುದಾರಿಯ ಟಿಕೆಟ್ ಬಹಳ ಬೇಗ ಮುಗಿದುಹೋಗುತ್ತದೆ. ನಾವು ಮೂರು ತಿಂಗಳು ಮುಂಚೆ ಒಂದು ಸಂಸ್ಥೆಯ ಮೂಲಕ ಕೊಂಡೆವು. ನಮೂನೆಯಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟರೆ ಅದು ಮುಂದಕ್ಕೇ ಹೋಗದು. ನನ್ನ ಪತ್ನಿಯ ಪಾಸ್‌ಪೋರ್ಟಿನಲ್ಲಿ, ನಮ್ಮ ಕಡೆಯ ಎಷ್ಟೋ ಹೆಂಗಸರಂತೆ, ಹೆಸರೊಂದೇ ಇದೆ, ಆ ಜಾಗ ಖಾಲಿ. ಅಮೆರಿಕದವರು ಇದೇ ಕಾರಣಕ್ಕೆ ಅವಳಿಗಿದ್ದ ಒಂದು ಹೆಸರನ್ನೇ ಮನೆತನದ ಹೆಸರಾಗಿಸಿ, ಸ್ವಂತ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (‘ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಕಿರುರೂಪ) ಎಂದು ವೀಸಾದಲ್ಲಿ ಅಚ್ಚೊತ್ತಿದ್ದರು. ಪೆರುವಿನ ಸಂಸ್ಥೆಯವರು ನಮ್ಮನ್ನು ಕೇಳದೆಯೇ ನನ್ನ ಹೆಸರನ್ನು ಅವಳ ಮನೆತನದ ಹೆಸರಾಗಿ ತುಂಬಿಬಿಟ್ಟರು. ಇದರ ಫಲ ಐದನೆಯ ದಿನ ಬಾಗಿಲಲ್ಲಿ ಸಿಕ್ಕಿತು.

ಮೊದಲನೆಯ ದಿನ: ಕುಸ್ಕೊದಿಂದ ಕಣಿವೆಗೆ

ರಾತ್ರಿಯಿಡೀ ಹಾರಿ ಲಿಮಾ ತಲುಪಿದಾಗ ಗಡಿಯಾರ ತಿದ್ದುವ ಕೆಲಸವೂ ಇರಲಿಲ್ಲ. ಮೇ ತಿಂಗಳಲ್ಲಿ ಹ್ಯೂಸ್ಟನ್ನಿಗೂ ಲಿಮಾಕ್ಕೂ ಒಂದೇ ಸಮಯ. ಅಲ್ಲಿಂದ ಒಂದೂವರೆ ಗಂಟೆಯೊಳಗೆ ಇನ್ನೊಂದು ವಿಮಾನ ನಮ್ಮನ್ನು ಕುಸ್ಕೊದ ಬೆಟ್ಟಗಳ ನಡುವೆ ಇಳಿಸಿತು. ನಿಲ್ದಾಣದ ಹೊರಗೆ ಬರುವಷ್ಟರಲ್ಲೇ, ಮೂರು ಮೆಟ್ಟಿಲು ಹತ್ತಿದ್ದಕ್ಕೆ ಮೂರು ಮಹಡಿ ಹತ್ತಿದವನಂತೆ ನನಗೆ ಏದುಸಿರು ಬಂತು. ಮೊದಲೇ ಗೊತ್ತುಮಾಡಿದ್ದ ಕಾರಿನಲ್ಲಿ ಕುಳಿತು ಚಿಂಚೆರೊ ದಾರಿಯಾಗಿ ಹೊರಟೆವು. ಚಿಂಚೆರೊ ಕುಸ್ಕೊಗಿಂತಲೂ ಎತ್ತರದ್ದು, ಸುಮಾರು 3,760 ಮೀಟರ್. ಅಲ್ಲಿ ನಿಲ್ಲದೆ ದಾಟಿದೆವು. ಬಲಗಡೆ ಹಿಮದ ಶಿಖರಗಳು, ಎಡಗಡೆ ಕೊಯ್ಲಾದ ಆಲೂಗಡ್ಡೆಯ ಹೊಲಗಳು, ಆಮೇಲೆ ಒಮ್ಮೆಗೇ ಕಾಲ ಕೆಳಗೆ ಕಣಿವೆ. ಎರಡು ಗಂಟೆಯ ಪ್ರಯಾಣದ ಕೊನೆಗೆ ಸುಮಾರು 2,800 ಮೀಟರ್ ಎತ್ತರದ ಓಯಾಂತಾಯ್ತಾಂಬೊ ಊರು ಸೇರಿದಾಗ ತಲೆಯ ಭಾರ ಅರ್ಧಕ್ಕೆ ಇಳಿದಿತ್ತು.

ತಂಗಿದ ಮನೆಯ ಒಡತಿ ಬಿಸಿನೀರಿಗೆ ಒಣಗಿದ ಕೋಕಾ ಎಲೆಗಳನ್ನು ಹಾಕಿ ಎರಡು ಲೋಟ ತಂದಿಟ್ಟರು. ರುಚಿ ಒಣಹುಲ್ಲಿನ ಕಷಾಯದಂತಿತ್ತು. ಕುಡಿದ ಮೇಲೆ ಹಿತವೆನಿಸಿದ್ದು ಎಲೆಯ ಗುಣದಿಂದಲೋ ಬಿಸಿನೀರಿನಿಂದಲೋ ಹೇಳಲಾರೆ. ಎತ್ತರದ ಬಾಧೆ ತಡೆಯಲೆಂದು ವೈದ್ಯರು ಬರೆದುಕೊಟ್ಟಿದ್ದ ಅಸೆಟಜೊಲಮೈಡ್ ಮಾತ್ರೆಯನ್ನೂ ತಪ್ಪಿಸಲಿಲ್ಲ. ಯಾವ ಊರಿನವರೆಂದು ಆಕೆ ಕೇಳಿದರು. ಮೊಬೈಲಿನ ಅನುವಾದದ ಸಹಾಯದಿಂದ, ಹಂಪಿ ಎಂಬ ಹಾಳು ಪಟ್ಟಣದ ಪಕ್ಕದವರೆಂದು ಹೇಳಿದೆ. ಆಕೆ ನಕ್ಕು ಲೋಟವನ್ನೇ ತೋರಿಸಿ ‘ಹಂಪಿ, ಹಂಪಿ’ ಎಂದರು. ಅವರ ಕೆಚುವಾ ನುಡಿಯಲ್ಲಿ ಹಂಪಿ ಎಂದರೆ ಔಷಧವಂತೆ. ಪಂಪಾ ಎಂಬುದರಿಂದ ನಮ್ಮ ಹಂಪೆಯಾಯಿತೆಂಬುದನ್ನು ಅವರಿಗೆ ವಿವರಿಸುವಷ್ಟು ಉಸಿರು ನನ್ನಲ್ಲಿರಲಿಲ್ಲ.

ಎರಡನೆಯ ದಿನ: ಓಣಿಗಳ ನೀರು

ಈ ದಿನ ಬೇರೇನನ್ನೂ ಇಟ್ಟುಕೊಂಡಿರಲಿಲ್ಲ. ದೇಹ ಎತ್ತರಕ್ಕೆ ಹೊಂದಿಕೊಳ್ಳಲಿ ಎಂದು ಊರೊಳಗೆ ನಿಧಾನವಾಗಿ ಅಡ್ಡಾಡಿದೆವು. ಇಂಕಾ ಕಾಲದ ಬೀದಿಗಳ ಮೇಲೆ ಜನ ಈಗಲೂ ವಾಸಿಸುತ್ತಿರುವ ಊರುಗಳು ಕಡಿಮೆ, ಇದು ಅಂಥದೊಂದು. ಉದ್ದುದ್ದ ನೇರ ಓಣಿಗಳು, ಆಳೆತ್ತರದವರೆಗೆ ಹಳೆಯ ಕಲ್ಲಿನ ಗೋಡೆ, ಅದರ ಮೇಲೆ ಈಚಿನವರ ಮಣ್ಣಿಟ್ಟಿಗೆಯ ಗೋಡೆ, ಪ್ರತಿ ಓಣಿಯ ಬದಿಯಲ್ಲೂ ಒಂದು ಗೇಣಗಲದ ಕಲ್ಲಿನ ಕಾಲುವೆಯಲ್ಲಿ ಬೆಟ್ಟದ ನೀರು. ಒಂದು ಮೂಲೆಯಲ್ಲಿ ಕಾಲುವೆ ತೊಂಬತ್ತು ಡಿಗ್ರಿ ತಿರುಗುವ ಕಡೆ ಕುಳಿತು ನೋಡಿದೆ. ನೀರು ಚಿಮ್ಮಿ ಹೊರಬೀಳದಂತೆ ತಿರುವಿನ ಹೊರಬದಿಯ ಕಲ್ಲನ್ನು ಎರಡು ಬೆರಳು ಎತ್ತರಿಸಿ, ತಳವನ್ನು ಒಳಬದಿಗೆ ಕೊಂಚ ವಾಲಿಸಿದ್ದರು. ವಿಜಯನಗರದವರ ತುರ್ತಾ ಕಾಲುವೆ ಇಂದಿಗೂ ಗದ್ದೆಗೆ ನೀರುಣಿಸುವುದನ್ನು ನೋಡಿ ಬೆಳೆದವನಿಗೆ ಹಳೆಯ ಕಾಲುವೆಯಲ್ಲಿ ನೀರು ಹರಿಯುವುದು ಹೊಸದಲ್ಲ, ಆದರೆ ತಿರುವಿನ ಈ ಕೆಲಸಕ್ಕೆ ಮನಸ್ಸು ಸೋತಿತು. ಒಬ್ಬ ಹುಡುಗ ಬಂದು ಅದೇ ಕಾಲುವೆಯಲ್ಲಿ ತನ್ನ ಕೆಸರಿನ ಬೂಟು ತೊಳೆದುಕೊಂಡು ಹೋದ.

ಊಟದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಸಸ್ಯಾಹಾರಿಗಳು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಕೋಳಿಯ ಸಾರಿನಲ್ಲಿ ಬೇಯಿಸಿದ ಸೂಪು ಬರುತ್ತದೆ. ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಅಂದರೆ ಮಾಂಸ, ಕೋಳಿ, ಮೀನು ಮೂರೂ ಬೇಡವೆಂದು ಒಂದೊಂದಾಗಿ ಹೇಳಬೇಕು. ಹಾಗೆ ಹೇಳಿದ ಮೇಲೆ ಕಿನೊವಾದ ಗಂಜಿ, ಹತ್ತಾರು ಬಗೆಯ ಆಲೂಗಡ್ಡೆ, ಹೆಬ್ಬೆರಳುಗಾತ್ರದ ಕಾಳಿನ ಮೆಕ್ಕೆಜೋಳದ ತೆನೆಯ ಜೊತೆಗೆ ಗಿಣ್ಣು (ಚೀಸ್) ಸಿಕ್ಕವು. ಮನೆಯಿಂದ ಒಯ್ದಿದ್ದ ಚಟ್ನಿಪುಡಿ ನಾಲ್ಕು ದಿನಕ್ಕೇ ಮುಗಿಯಿತು.

ಮೂರನೆಯ ದಿನ: ದಣಿದ ಕಲ್ಲುಗಳು

ಬೆಳಿಗ್ಗೆ ಏಳು ಗಂಟೆಗೆ, ಬಸ್ಸುಗಳು ಬರುವ ಮೊದಲೇ, ಊರ ಮೇಲಿನ ಕೋಟೆಯ ಮೆಟ್ಟಿಲು ಹತ್ತತೊಡಗಿದೆವು. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದ್ದರಿಂದ ಮೊಣಕಾಲು ತಕರಾರು ಮಾಡಲಿಲ್ಲ. ಕುಸ್ಕೊ ಸುತ್ತಣ ಹದಿನಾರು ಸ್ಥಳಗಳಿಗೆ ಒಂದೇ ಟಿಕೆಟ್ ಇದೆ, ಹತ್ತು ದಿನ ನಡೆಯುತ್ತದೆ, ಅದನ್ನು ಇಲ್ಲೇ ಕೊಂಡೆವು. ಮಾಚು ಪಿಚು ಅದರಲ್ಲಿ ಸೇರಿಲ್ಲ.

ಮೇಲೆ ಆರು ದೊಡ್ಡ ಚಪ್ಪಡಿಗಳು ಸಾಲಾಗಿ ನಿಂತಿವೆ. ನಸುಗೆಂಪು ಬಣ್ಣದ ಈ ಕಲ್ಲು ಈ ಬೆಟ್ಟದ್ದಲ್ಲ. ನದಿಯಾಚೆಯ ಕಾಚಿಕಾತಾ ಎಂಬ ಎತ್ತರದ ಗಣಿಯಿಂದ ಕೆಳಗಿಳಿಸಿ, ನದಿ ದಾಟಿಸಿ, ಮತ್ತೆ ಈ ಬೆಟ್ಟ ಹತ್ತಿಸಿದ್ದು. ಚಕ್ರವಿಲ್ಲ, ಎತ್ತು ಕುದುರೆಗಳಿಲ್ಲ, ಲಾಮಾ ಎಂಬ ಪ್ರಾಣಿ ಹೊರುವುದೇ ಇಪ್ಪತ್ತೈದು ಮೂವತ್ತು ಕಿಲೊ. ಎಲ್ಲವೂ ಹಗ್ಗ, ಇಳಿಜಾರು ಮತ್ತು ಮನುಷ್ಯರ ತೋಳು. ಈ ಚಪ್ಪಡಿಗಳಿಂದ ಕಟ್ಟುತ್ತಿದ್ದ ದೇವಾಲಯ ಪೂರ್ತಿಯಾಗಲಿಲ್ಲ. ದಾರಿಯ ನಡುವೆ ಬಿಟ್ಟುಹೋದ ಕಲ್ಲುಗಳು ಇಂದಿಗೂ ಬಯಲಿನಲ್ಲಿ ಬಿದ್ದಿವೆ, ಅವನ್ನು ಇಲ್ಲಿಯವರು ‘ದಣಿದ ಕಲ್ಲುಗಳು’ ಎನ್ನುತ್ತಾರೆ.

ಆದರೆ ನನಗೆ ಹೆಚ್ಚು ಹಿಡಿಸಿದ್ದು ಇಲ್ಲಿ ನಡೆದ ಯುದ್ಧದ ಕಥೆ. 1532ರಲ್ಲಿ ಸ್ಪೇನಿನವರು ಕಾಹಮಾರ್ಕಾದಲ್ಲಿ ದೊರೆ ಅತಾವಾಲ್ಪನನ್ನು ಸೆರೆಹಿಡಿದರು, ಮರುವರ್ಷ ಕೊಂದರು. (ತುಂಗಭದ್ರೆಯ ದಡದಲ್ಲಿ ಆಗ ಅಚ್ಯುತರಾಯನ ಆಳ್ವಿಕೆ.) ಅವರೇ ಪಟ್ಟಕಟ್ಟಿದ ಮಾಂಕೊ ಇಂಕಾ 1536ರಲ್ಲಿ ಅವರ ಮೇಲೆ ತಿರುಗಿಬಿದ್ದು ಓಯಾಂತಾಯ್ತಾಂಬೊವನ್ನು ನೆಲೆ ಮಾಡಿಕೊಂಡ. ಸ್ಪೇನಿನ ದಳಪತಿ ಹೆರ್ನಾಂದೊ ಪಿಸಾರೊ ಕುದುರೆ ದಂಡಿನೊಂದಿಗೆ ಮುತ್ತಿಗೆ ಹಾಕಿದಾಗ, ಮೇಲಿನಿಂದ ಬಾಣ, ಕವಣೆಗಲ್ಲುಗಳ ಮಳೆಗರೆದದ್ದಲ್ಲದೆ, ಇಂಕಾಗಳು ಕಾಲುವೆಗಳ ನೀರನ್ನು ಕೋಟೆಯ ಮುಂದಿನ ಬಯಲಿಗೆ ತಿರುಗಿಸಿಬಿಟ್ಟರು. ಕುದುರೆಗಳ ಕಾಲು ಕೆಸರಿನಲ್ಲಿ ಹೂತುಹೋಗಿ ಸ್ಪೇನಿನವರು ಹಿಮ್ಮೆಟ್ಟಬೇಕಾಯಿತು. ಮೇಲೆ ನಿಂತು ನೋಡಿದರೆ ಆ ಬಯಲಿನ ವಾಟ, ನೀರು ಎಲ್ಲಿಂದ ಬಂದು ಎಲ್ಲಿ ನಿಂತಿರಬಹುದೆಂಬುದು ಸ್ಪಷ್ಟವಾಗಿ ಕಾಣುತ್ತದೆ. ನೀರು ಬಿಡಿ, ಬಿಡಬೇಡಿ ಎಂದು ವೃತ್ತಿಯುದ್ದಕ್ಕೂ ಜಗಳ ಕೇಳಿದವನು ನಾನು. ನೀರು ಬಿಟ್ಟು ದಂಡು ಓಡಿಸಿದ ಜಾಗವನ್ನು ನೋಡಿದ್ದು ಇದೇ ಮೊದಲು. ಆ ಗೆಲುವು ಬಹಳ ದಿನ ಉಳಿಯಲಿಲ್ಲ. ಮಾಂಕೊ 1537ರಲ್ಲಿ ಈ ಊರನ್ನೂ ಬಿಟ್ಟು ವಿಲ್ಕಬಾಂಬಾದ ಕಾಡು ಸೇರಿದ.

ನಾಲ್ಕನೆಯ ದಿನ: ಮೊರಾಯ್, ಮಾರಾಸ್, ರೈಲು

ಬೆಳಿಗ್ಗೆ ಮೊರಾಯ್‌ನ ವೃತ್ತಾಕಾರದ ಮೆಟ್ಟಿಲು ಹೊಲಗಳನ್ನೂ, ಉಪ್ಪಿನ ಒರತೆಯ ನೀರನ್ನು ಸಾವಿರಾರು ಸಣ್ಣ ಮಡಿಗಳಿಗೆ ಹಾಯಿಸಿ ಉಪ್ಪು ತೆಗೆಯುವ ಮಾರಾಸ್ ಅನ್ನೂ ನೋಡಿದೆವು. ಮಾರಾಸ್ ಚೆಂದ, ಬಿಸಿಲು ಮಾತ್ರ ಕಣ್ಣು ಕುಕ್ಕುತ್ತದೆ. ಸಂಜೆ ಓಯಾಂತಾಯ್ತಾಂಬೊದಿಂದ ರೈಲು ಹತ್ತಿದೆವು. ಮಾಚು ಪಿಚುವಿನ ಬುಡದ ಆಗ್ವಾಸ್ ಕಾಲಿಯೆಂತೆಸ್ ಊರಿಗೆ ಬೇರೆ ಊರುಗಳಿಂದ ಮೋಟಾರು ರಸ್ತೆಯಿಲ್ಲ, ರೈಲು ಇಲ್ಲವೇ ಕಾಲ್ನಡಿಗೆ. ರೈಲಿನಲ್ಲಿ ಚಿಕ್ಕ ಕೈಚೀಲಕ್ಕಷ್ಟೇ ಅವಕಾಶವಿರುವುದರಿಂದ ದೊಡ್ಡ ಪೆಟ್ಟಿಗೆಗಳನ್ನು ತಂಗಿದ ಮನೆಯಲ್ಲೇ ಬಿಟ್ಟು, ಎರಡು ದಿನದ ಬಟ್ಟೆ, ಮಳೆಯಂಗಿ, ಮಾತ್ರೆ ಮಾತ್ರ ಒಯ್ದೆವು. ಒಂದು ಗಂಟೆ ನಲವತ್ತು ನಿಮಿಷದ ದಾರಿ, ಪಕ್ಕದಲ್ಲೇ ಉರುಬಾಂಬಾ. ಇಳಿಯುತ್ತ ಹೋದಂತೆ ಒಣ ಬೆಟ್ಟಗಳು ಮುಗಿದು, ಪಾಚಿ, ಜರೀಗಿಡ, ಮಂಜು ಶುರುವಾದಾಗ ನನ್ನ ಪತ್ನಿ, “ಆಗುಂಬೆಗೆ ಬಂದ ಹಾಗಾಯಿತಲ್ಲ” ಎಂದಳು.

ಐದನೆಯ ದಿನ: ಮಾಚು ಪಿಚು

ಹದಿಮೂರು ಹಿಮ್ಮುರಿ ತಿರುವುಗಳ ರಸ್ತೆಯಲ್ಲಿ ಬಸ್ಸು ಅರ್ಧ ಗಂಟೆಯೊಳಗೆ ಮೇಲೆ ತಂದುಬಿಟ್ಟಿತು. ನಮ್ಮದು ಏಳು ಗಂಟೆಯ ಪ್ರವೇಶ. ಬಾಗಿಲಲ್ಲಿ ನನ್ನನ್ನು ಬಿಟ್ಟರು, ಪತ್ನಿಯನ್ನು ತಡೆದರು. ಟಿಕೆಟ್ಟಿನಲ್ಲಿ ಎರಡು ಹೆಸರು, ಪಾಸ್‌ಪೋರ್ಟಿನಲ್ಲಿ ಒಂದೇ. ನಾನು ಅತ್ತ, ಅವಳು ಇತ್ತ, ನಡುವೆ ತಿರುಗುಗಂಬಿ. ಹಿಂದೆ ಸಾಲು ಬೆಳೆಯಿತು. ಕೊನೆಗೆ ಮೇಲಿನ ಅಧಿಕಾರಿಯೊಬ್ಬರು ಬಂದು ಪಾಸ್‌ಪೋರ್ಟಿನ ಸಂಖ್ಯೆಯ ಒಂದೊಂದೇ ಅಂಕಿಯನ್ನು ಟಿಕೆಟ್ಟಿನೊಂದಿಗೆ ಹೋಲಿಸಿ, ಸರಿಯಿದೆ ಎಂದು ಒಳಗೆ ಬಿಟ್ಟರು. ಹೆಸರೊಂದೇ ಇರುವವರು ಟಿಕೆಟ್ ಕೈಗೆ ಬಂದ ದಿನವೇ ಅದನ್ನು ಪಾಸ್‌ಪೋರ್ಟಿನ ಜೊತೆ ಇಟ್ಟು ನೋಡಿ ತಿದ್ದಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಮಾತು: ಒಳಗೆ ಶೌಚಾಲಯವಿಲ್ಲ, ಹೊರಗೆ ಬಂದರೆ ಅದೇ ಟಿಕೆಟ್ಟಿನಲ್ಲಿ ಮತ್ತೆ ಬಿಡುವುದಿಲ್ಲ. ಊರುಗೋಲಿಗೆ ವಯಸ್ಸಾದವರಿಗಷ್ಟೇ ಅವಕಾಶ, ಅದೂ ತುದಿಗೆ ರಬ್ಬರ್ ಇದ್ದರೆ.

ಮೇಲಿನ ಹೊಲಗಳ ಅಂಚಿಗೆ ಬಂದಾಗ ಕಂಡದ್ದು ಬರೀ ಬಿಳುಪು. ಮಂಜು ಮುಕ್ಕಾಲು ಗಂಟೆ ಕದಲಲಿಲ್ಲ. ಆಮೇಲೆ ಮೊದಲು ಒಂದು ಗೋಡೆಯ ಮುಕ್ಕು, ಅನಂತರ ಹಸಿರು ಅಂಗಳ, ಕೊನೆಗೆ ವೈನಾ ಪಿಚು ಶಿಖರ ಕಾಣಿಸಿಕೊಂಡವು. ಚಿತ್ರಗಳಲ್ಲಿ ಎಷ್ಟೋ ಸಲ ನೋಡಿದ್ದರಿಂದ ಆಶ್ಚರ್ಯವಾಗಲಾರದೆಂದುಕೊಂಡಿದ್ದೆ. ಊರಿನ ಎರಡೂ ಪಕ್ಕ ನೆಲ ಹೇಗೆ ಕಡಿದುಹೋಗಿದೆ ಎಂಬುದನ್ನು ಯಾವ ಚಿತ್ರವೂ ತೋರಿಸಿರಲಿಲ್ಲ.

ಹದಿನೈದನೆಯ ಶತಮಾನದಲ್ಲಿ ಪಚಾಕುತಿ ದೊರೆ ಕಟ್ಟಿಸಿದನೆನ್ನಲಾಗುವ ಈ ಊರು ನೂರು ವರ್ಷವೂ ಬಾಳಲಿಲ್ಲ. ಅಮೆರಿಕದ ಹೈರಮ್ ಬಿಂಗಮ್ 1911ರ ಜುಲೈ 24ರಂದು ಇದನ್ನು ‘ಕಂಡುಹಿಡಿದ’ ಎಂದು ಬರೆಯುವುದುಂಟು. ಅವನು ಬಂದಾಗ ಇಲ್ಲಿ ರೈತ ಕುಟುಂಬಗಳು ಇದೇ ಹೊಲಗಳಲ್ಲಿ ಬೆಳೆ ತೆಗೆಯುತ್ತಿದ್ದವು, ಕುಸ್ಕೊ ಕಡೆಯ ಅಗಸ್ತಿನ್ ಲಿಸಾರಾಗ 1902ರಲ್ಲೇ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಗೀಚಿ ಹೋಗಿದ್ದ. ಕಂಡುಹಿಡಿದದ್ದೇನಿದ್ದರೂ ಹೊರಗಿನವರ ಪಾಲಿಗೆ.

ನನ್ನ ಕಣ್ಣು ನೆಲದ ಮೇಲೇ ಇತ್ತು. ವರ್ಷಕ್ಕೆ ಸುಮಾರು ಎರಡು ಸಾವಿರ ಮಿಲಿಮೀಟರ್ ಮಳೆ ಸುರಿಯುವ, ಭೂಕುಸಿತ ಸಾಮಾನ್ಯವಾಗಿರುವ ಕಡಿದಾದ ದಿಣ್ಣೆಯ ಮೇಲೆ ಐನೂರು ವರ್ಷಗಳಿಂದ ಗೋಡೆಗಳು ನಿಂತಿರಬೇಕಾದರೆ ಅದರ ಗುಟ್ಟು ಗೋಡೆಯಲ್ಲಿಲ್ಲ, ಬಸಿಗಾಲುವೆಯಲ್ಲಿದೆ. ಮೆಟ್ಟಿಲು ಹೊಲಗಳ ಒಳಗೆ ಮೇಲೆ ಹೊತ್ತುತಂದ ಮಣ್ಣು, ಅದರಡಿ ಮರಳು, ಅದರಡಿ ಜಲ್ಲಿ, ಎಲ್ಲಕ್ಕಿಂತ ಕೆಳಗೆ ದಪ್ಪ ಕಲ್ಲುಗಳಿವೆ. ಊರೊಳಗಿನ ಅಂಗಳದಡಿಯಲ್ಲೂ ಕಲ್ಲು ಕೆತ್ತಿದ ಚೂರುಗಳನ್ನೇ ಹಾಸಿದ್ದಾರೆ, ಬೇರೆ ಕಡೆಯಾದರೆ ಹೊರಗೆ ಎಸೆಯುವ ಚೂರುಗಳವು. ಕಟ್ಟುವ ಶ್ರಮದಲ್ಲಿ ಶೇ 60ರಷ್ಟು ನೆಲದಡಿಯಲ್ಲೇ ಇದೆ ಎಂಬುದು ರೈಟ್ ಅವರ ಅಂದಾಜು. ಗೋಡೆಗಳ ಬುಡದಲ್ಲಿ ಅಂಗೈಯಷ್ಟಗಲದ ಚೌಕ ಕಿಂಡಿಗಳು ನೂರಕ್ಕೂ ಹೆಚ್ಚು ಇವೆ. ಒಂದರೊಳಗೆ ಬಗ್ಗಿ ನೋಡಿದೆ. ಹಿಂದಿನ ರಾತ್ರಿಯ ತುಂತುರು ಇನ್ನೂ ಹನಿಹನಿಯಾಗಿ ಹೊರಬರುತ್ತಿತ್ತು, ಹನಿ ಬೀಳುವ ಜಾಗದಲ್ಲಿ ಕಲ್ಲು ಸವೆದು ಬಟ್ಟಲಿನಂತಾಗಿತ್ತು. ನೀರಿನ ಕಟ್ಟೆಗಳ ಸಾಲಿನಲ್ಲಿ ಮೊದಲನೆಯದು ದೊರೆಯ ಮನೆಯ ಪಕ್ಕದಲ್ಲಿದೆ. ಕಾಲುವೆಯ ತಲೆಯಲ್ಲಿರುವವನಿಗೆ ಮೊದಲ ನೀರು ಎಂಬ ನ್ಯಾಯ ಅಲ್ಲಿಯೂ ಇತ್ತೆಂದಾಯಿತು.

ಕಲ್ಲುಗಣಿಯ ಬಳಿ ನಾನು ಸಣ್ಣದಾಗಿ ಮುಖಭಂಗ ಅನುಭವಿಸಿದೆ. ಒಂದು ಬಂಡೆಯ ಮೇಲೆ ಸಾಲಾಗಿ ಗೂಟದ ಗುಳಿಗಳಿದ್ದವು. ಹಂಪಿಯ ಪ್ರತಿ ಗುಡ್ಡದ ಮೇಲೂ ಕಾಣುವಂಥವೇ. ಮಾರ್ಗದರ್ಶಿ ಹುಡುಗಿಗೆ, “ಇದು ನನಗೆ ಗೊತ್ತಮ್ಮ, ಗೂಟ ಹೊಡೆದು ಕಲ್ಲು ಸೀಳುವ ಕ್ರಮ” ಎಂದು ಪಾಠ ಹೇಳಹೊರಟೆ. ಅವಳು ನಗುತ್ತ, ಅದು ಇಂಕಾಗಳ ಕೆಲಸವಲ್ಲವೆಂದೂ ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಪುರಾತತ್ತ್ವದವರು ಪ್ರಯೋಗಕ್ಕಾಗಿ ಹೊಡೆದ ಗುಳಿಗಳೆಂದೂ ತಿಳಿಸಿದಳು. ಇಂಕಾ ಕಲ್ಲುಕುಟಿಗರು ಕಲ್ಲನ್ನು ಆಕಾರಕ್ಕೆ ತಂದದ್ದು ನದಿಯ ಗಟ್ಟಿ ಉಂಡೆಗಲ್ಲುಗಳಿಂದ ಜಜ್ಜಿ ಜಜ್ಜಿ. ಕಲ್ಲಿನ ಮೈಮೇಲೆ ಆ ಪೆಟ್ಟಿನ ಸಣ್ಣ ಕುಳಿಗಳು ಬೆರಳಿಗೆ ಸಿಕ್ಕುತ್ತವೆಂದು ಅವಳು ಹೇಳಿದಳು, ಮುಟ್ಟುವಂತಿಲ್ಲವೆಂದೂ ಹೇಳಿದಳು.

ಎರಡೂವರೆ ಗಂಟೆಯಲ್ಲಿ ನಮ್ಮ ಸುತ್ತು ಮುಗಿಯಿತು. ಹಿಂದಿರುಗಿ ನಡೆಯುವಂತಿಲ್ಲ, ಕಾವಲಿನವರು ಸಿಳ್ಳೆ ಹಾಕುತ್ತಾರೆ. ಇನ್ನೊಂದು ದಿನ ಮೂರನೆಯ ಸುತ್ತುದಾರಿಯ ಟಿಕೆಟ್ಟನ್ನೂ ಕೊಳ್ಳಬೇಕಿತ್ತೆಂದು ಅನಿಸಿತು. ಸಂಜೆಯ ರೈಲಿನಲ್ಲಿ ಮರಳಿ, ಪೆಟ್ಟಿಗೆಗಳನ್ನು ತೆಗೆದುಕೊಂಡು, ರಾತ್ರಿ ಕುಸ್ಕೊ ಸೇರಿದೆವು.

ಆರನೆಯ ದಿನ: ಕುಸ್ಕೊ

ನಮ್ಮ ಕ್ರಮದ ಫಲ ಬೆಳಿಗ್ಗೆಯೇ ತಿಳಿಯಿತು. 3,400 ಮೀಟರಿನಲ್ಲಿ ಇಬ್ಬರೂ ಚೆನ್ನಾಗಿ ನಿದ್ದೆ ಮಾಡಿದ್ದೆವು. ಅದೇ ಹೋಟೆಲಿನಲ್ಲಿ ಹಿಂದಿನ ದಿನ ಬಂದಿಳಿದಿದ್ದ ದಂಪತಿ ತಲೆ ಹಿಡಿದುಕೊಂಡು ಕೂತಿದ್ದರು.

ಕೊರಿಕಾಂಚಾ ಇಂಕಾಗಳ ಮುಖ್ಯ ಸೂರ್ಯ ದೇವಾಲಯ. ಅತಾವಾಲ್ಪನ ಬಿಡುಗಡೆಯ ಹಣಕ್ಕಾಗಿ ಇದರ ಗೋಡೆಗಳಿಗೆ ಹೊದಿಸಿದ್ದ ಚಿನ್ನದ ತಗಡುಗಳನ್ನು ಕಿತ್ತುಕೊಂಡು ಹೋದರು. ಆಮೇಲೆ ಅದರ ಮೇಲೆಯೇ ಸಾಂತೊ ದೊಮಿಂಗೊ ಮಠ ಎದ್ದಿತು. 1950ರ ಮೇ 21ರ ಭೂಕಂಪದಲ್ಲಿ ಮಠದ ಬಹುಭಾಗ ಕುಸಿದು, ಒಳಗೆ ಮುಚ್ಚಿಹೋಗಿದ್ದ ಇಂಕಾ ಗೋಡೆಗಳು ಹೆಚ್ಚು ಕದಲದೆ ಹೊರಬಂದವು. ಆ ಗೋಡೆಗಳು ಒಳಕ್ಕೆ ತುಸು ವಾಲಿವೆ, ಬಾಗಿಲು ಗೂಡುಗಳು ಬುಡದಲ್ಲಿ ಅಗಲ, ಮೇಲೆ ಕಿರಿದು. ಗಾರೆಯ ಹೆಸರಿಲ್ಲ. ಪಕ್ಕದ ಓಣಿಗಳಲ್ಲಿ ಹಾತುನ್ ರುಮಿಯೊಕ್ ಬೀದಿಯ ಹನ್ನೆರಡು ಮೂಲೆಯ ಕಲ್ಲಿನ ಮುಂದೆ ಚಿತ್ರ ತೆಗೆಸಿಕೊಳ್ಳುವವರ ಸಾಲಿತ್ತು. ನಾವು ಸಾಲಿನಲ್ಲಿ ನಿಲ್ಲದೆ ಅದರ ಎಡಬಲದ ಹೆಸರಿಲ್ಲದ ಕಲ್ಲುಗಳ ಕೂಡುಗಳನ್ನು ನೋಡಿದೆವು, ಅವೇನೂ ಕಡಿಮೆಯವಲ್ಲ. ಬಿಂಗಮ್ ಒಯ್ದಿದ್ದ ವಸ್ತುಗಳನ್ನು ಯೇಲ್ ವಿಶ್ವವಿದ್ಯಾಲಯ 2011ರಿಂದ ಹಿಂದಿರುಗಿಸಿತು, ಅವು ಕಾಸಾ ಕೊಂಚಾ ಸಂಗ್ರಹಾಲಯದಲ್ಲಿವೆ. ಮಾಚು ಪಿಚುವಿನಲ್ಲಿ ಖಾಲಿ ಗೂಡುಗಳನ್ನು ನೋಡಿ ಬಂದವರು ಇಲ್ಲಿನ ಮಡಕೆ ಕುಡಿಕೆಗಳನ್ನು ಬಿಡಬಾರದು.

ಏಳನೆಯ ದಿನ: ಸಾಕ್ಸಾಯ್‌ವಾಮಾನ್

ಪಟ್ಟಣದ ನೆತ್ತಿಯ ಮೇಲಿನ ಈ ಕೋಟೆಯನ್ನು ಕೊನೆಗೆ ಇಟ್ಟುಕೊಂಡದ್ದು ಎತ್ತರದ ಕಾರಣಕ್ಕೆ. ಗರಗಸದ ಹಲ್ಲಿನಂತೆ ಹೊರಚಾಚಿ ಒಳಸರಿಯುವ ಮೂರು ಗೋಡೆಗಳು ಒಂದರ ಮೇಲೊಂದು. ಅತಿ ದೊಡ್ಡ ಕಲ್ಲುಗಳು ನೂರು ಟನ್ನಿಗಿಂತ ಭಾರವೆಂದು ಅಂದಾಜು. ದೊಡ್ಡ ಕಲ್ಲುಗಳನ್ನೆಲ್ಲ ಕೆಳಗೆ, ಚಾಚಿದ ಮೂಲೆಗಳಲ್ಲಿ ಕೂರಿಸಿದ್ದಾರೆ. ಮೇಲಿದ್ದ ಗೋಪುರಗಳು ಎಲ್ಲಿ ಹೋದವೆಂದು ನನ್ನ ಪತ್ನಿ ಕೇಳಿದಳು. ಸ್ಪೇನಿನವರು ಸಾಗಿಸಬಹುದಾದ ಕಲ್ಲನ್ನೆಲ್ಲ ಇಳಿಸಿಕೊಂಡು ಹೋಗಿ ಪಟ್ಟಣದ ಚರ್ಚು, ಮನೆಗಳಿಗೆ ಬಳಸಿದರು. ಹಿಂದಿನ ದಿನ ಮುಖ್ಯ ಚೌಕದ ದೊಡ್ಡ ಇಗರ್ಜಿಯ ಮೆಟ್ಟಿಲ ಮೇಲೆ ಕುಳಿತು ನಾವು ಮೆಕ್ಕೆಜೋಳ ತಿಂದಿದ್ದೆವು. ಆ ಇಗರ್ಜಿಯ ಕಲ್ಲೂ ಇಲ್ಲಿಂದ ಹೋದದ್ದೇ. ಇಲ್ಲಿ ಉಳಿದಿರುವುದು ಅವರಿಂದ ಎತ್ತಲಾಗದ್ದು ಮಾತ್ರ.

ಮರುದಿನದ ವಿಮಾನ ಬೆಳಗಿನದು. ರಾತ್ರಿ ಪೆಟ್ಟಿಗೆ ಕಟ್ಟುವಾಗ, ಓಯಾಂತಾಯ್ತಾಂಬೊದ ಮನೆಯೊಡತಿ ಕೊಟ್ಟಿದ್ದ ಕೋಕಾ ಎಲೆಯ ಪೊಟ್ಟಣ ಅರ್ಧ ಉಳಿದಿರುವುದು ಕಂಡಿತು. ಅದನ್ನು ಅಮೆರಿಕದೊಳಕ್ಕೆ ಒಯ್ಯುವಂತಿಲ್ಲ. ತಲೆನೋವಿನ ದಂಪತಿ ಇನ್ನೂ ಕೆಳಗಿನ ಕೋಣೆಯಲ್ಲೇ ಇದ್ದರು. ನನ್ನ ಪತ್ನಿ ಬಾಗಿಲು ತಟ್ಟಿ ಪೊಟ್ಟಣವನ್ನು ಅವರ ಕೈಗೆ ಕೊಟ್ಟು, ಎಷ್ಟು ನೀರಿಗೆ ಎಷ್ಟು ಎಲೆ ಎಂಬುದನ್ನು ಬೆರಳಿನಲ್ಲೇ ತೋರಿಸಿ ಬಂದಳು.